ಮಂತ್ರದ ಆಮ್ಲವನ್ನು ಇಡುವ ಕ್ರಮ

ಆಮ್ಲದೊಂದಿಗೆ ನನ್ನ ಸಂಬಂಧ ಎರಡು ಅವತಾರಗಳದ್ದು. ಮೊದಲ ಅವತಾರದಲ್ಲಿ ನಾನು ಕಮಲಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಆಗ ಆಮ್ಲವು ಕಪಾಟಿನಲ್ಲಿ ಗಾಜಿನ ಬಿರಡೆ ಹಾಕಿಕೊಂಡು ಕೂತಿರುತ್ತಿತ್ತು. ನಾನು ಅದರಿಂದ ಮರ್ಯಾದೆಯ ದೂರದಲ್ಲಿ ನಿಂತು ಪಾಠ ಹೇಳುತ್ತಿದ್ದೆ. ಎರಡನೆಯ ಅವತಾರ ನಿವೃತ್ತಿಯ ನಂತರದ್ದು. ಈಗ ನಾನು ಮಂತ್ರವಾದಿ. ಬಾಯಿಮಾತಿನಲ್ಲಿ ಆಮ್ಲ ಬರಿಸುತ್ತೇನೆ, ಪಾದರಸ ಬರಿಸುತ್ತೇನೆ, ಕೇಳಿದವರಿಗೂ ಕೇಳದವರಿಗೂ ವಿಷಗಾಳಿ ಬರಿಸುತ್ತೇನೆ. ಮೊದಲ ಅವತಾರದಲ್ಲಿ ನನ್ನಿಂದ ಯಾರ ಬೆರಳಿಗೂ ಒಂದು ಬೊಬ್ಬೆ ಎದ್ದದ್ದಿಲ್ಲ. ಎರಡನೆಯದರಲ್ಲಿ ಆದ ಅನಾಹುತಗಳಲ್ಲಿ ಒಂದು ನನ್ನ ಸ್ವಂತ ಹೆಂಡತಿಯ ಪ್ರಾಣಕ್ಕೇ ಬಂತು. ಅದನ್ನು ಕ್ರಮವಾಗಿ ನಿವೇದಿಸುವುದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ.

ಗಾಬರಿ ಬೇಡ. ಇದು ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಇರುತ್ತದೆ: ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ. ಸೂತ್ರಧಾರನೆಂಬವನೊಬ್ಬ ಕಥೆ ಹೇಳುತ್ತ ಹೋಗುತ್ತಾನೆ. ಕೋಟೆ ಬಂತು, ಕಾಡು ಬಂತು, ರಾಕ್ಷಸ ಬಂದ, ಈಗ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ನಾವು ಕೂತಲ್ಲಿಂದಲೇ ಇಂಥದ್ದು ಮಾಡುತ್ತೇವೆ ಎನ್ನಬೇಕು. ಮಾಡಿದ್ದು ಆದೀತೋ ಇಲ್ಲವೋ ಎಂಬ ಸಂದೇಹ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಹೋಯಿತು. ಬಯಲಾಟದಿಂದ ವೇಷ, ಹಾಡು, ಕುಣಿತ ಎಲ್ಲ ತೆಗೆದುಹಾಕಿ ಉಳಿದದ್ದನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿದರೆ ಹೇಗಿರುತ್ತದೋ ಹಾಗೆ.

ನಮ್ಮ ಸೂತ್ರಧಾರ ನನ್ನ ಹಳೆಯ ವಿದ್ಯಾರ್ಥಿ. ಕಮಲಾಪುರದ ಮುಖ್ಯ ರಸ್ತೆಯಲ್ಲಿ ಅವನದು ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಹೈದರಾಬಾದಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಈ ಆಟ ಕಲಿತು ಬಂದಿದ್ದ. ಒಂದು ಭಾನುವಾರ ನಾನು ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಕರಿಬೇವಿಗೆ ಹತ್ತಿದ ಹುಳಕ್ಕೆ ಔಷಧಿ ಕೇಳಲು ಹೋದೆ. ಕಲಬುರಗಿಯಲ್ಲಿ ಔಷಧಿ ಸಿಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಿಗುತ್ತದೆ. ಆದರೆ ಅಲ್ಲಿಯ ಅಂಗಡಿಯವರು ನನ್ನನ್ನು ಸರ್ ಎನ್ನುವುದಿಲ್ಲ.

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅವನು ತಲೆ ಹೊರಗೆ ಹಾಕಿ, "ಸರ್, ಛಲೋ ಟೈಮಿಗೆ ಬಂದ್ರಿ. ಜರಾ ಮ್ಯಾಲ ಬರ್ರಿ. ಒಬ್ರು ಕಡಿಮಿ ಬಿದ್ದಾರ," ಎಂದ.

ಕಡಿಮೆ ಬಿದ್ದವನು ಮಂತ್ರವಾದಿ. ಅವನಿಗೆ ಯಾದಗಿರಿಗೆ ವರ್ಗವಾಗಿತ್ತು. ಹೀಗೆ ತೆರವಾದ ಸ್ಥಾನಕ್ಕೆ ನನ್ನ ನೇಮಕವಾಯಿತು. ಸಂದರ್ಶನವಿಲ್ಲ, ಆದೇಶವಿಲ್ಲ, ಪಿಂಚಣಿಯ ಮಾತಂತೂ ಇಲ್ಲವೇ ಇಲ್ಲ.

ಅಂಗಡಿಯ ಮೇಲಿನ ಕೋಣೆ ಅದು. ಕೆಳಗಿನ ಡಬ್ಬಿಗಳ ಘಾಟು ಮೆಟ್ಟಿಲು ಹತ್ತಿ ನಮ್ಮ ಜೊತೆಗೇ ಬಂದು ಕೂಡುತ್ತಿತ್ತು. ಮೂಲೆಯಲ್ಲಿ ಕೆಟ್ಟ ಸ್ಪ್ರೇಯರ್ ಪಂಪುಗಳ ರಾಶಿ, ನಡುವೆ ಮೇಜು. ಒಂದು ಪಕ್ಕದಲ್ಲಿ ಸೂತ್ರಧಾರ. ಇನ್ನೊಂದು ಪಕ್ಕದಲ್ಲಿ ಊರಿನ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಹೆಣ್ಣುಮಗಳು. ವಾರವೆಲ್ಲ ಪ್ರಾಮಾಣಿಕವಾಗಿ ದುಡಿದು ಬೇಸತ್ತೋ ಏನೋ, ಆಕೆ ಆಟದಲ್ಲಿ ಕಳ್ಳಿಯ ಪಾತ್ರ ಆರಿಸಿಕೊಂಡಿದ್ದಳು.

ನನ್ನ ಮಂತ್ರವಾದಿಗೆ ಹಿಂದಿನವರಿಂದ ಬಳುವಳಿಯಾಗಿ ಒಂದೇ ಒಂದು ಒಳ್ಳೆಯ ಮಂತ್ರ ಬಂದಿತ್ತು. ಬೇಕಾದ ಯಾವುದೇ ದ್ರವವನ್ನು ಬರಿಗಾಳಿಯಲ್ಲಿ ಸೃಷ್ಟಿಸುವುದು. ಒಮ್ಮೆ ಬಳಸಿದರೆ ಮಲಗಿ ಎದ್ದ ಮೇಲೆಯೇ ಮತ್ತೆ.

"ಹಂಗಾದ್ರ ಆಮ್ಲ," ಎಂದೆ ನಾನು ಮೊದಲ ದಿನವೇ.

ಸೂತ್ರಧಾರ ತಲೆ ಕೆರೆದುಕೊಂಡ. "ಸರ್, ದ್ರವ ಅಂದ್ರ ನೀರು, ಹಾಲು, ದೀಪದ ಎಣ್ಣಿ, ಅಂಥಾವ್ರಿ. ಪಾಪ, ಬಾಯಾರಿದವರಿಗೆ ಅನುಕೂಲ ಆಗ್ಲಿ ಅಂತ ಇಟ್ಟಾರ."

"ಆಮ್ಲ ದ್ರವ ಹೌದೋ ಅಲ್ಲೋ?"

"ಹೌದ್ರಿ."

"ಇದ್ರಾಗs ನೀ ಪರೀಕ್ಷೆಯೊಳಗ ಮಾರ್ಕ್ಸ್ ಕಳಕೊಂಡಿದ್ದಿ."

ಅವನು ಒಪ್ಪಿದ. ಒಮ್ಮೆ ಗುರುವಾದವನಿಗೆ ಈ ಒಂದು ಅನ್ಯಾಯದ ಹಕ್ಕು ಸಾಯುವವರೆಗೂ ಇರುತ್ತದೆ.

ಆಮೇಲಿನ ಕೆಲವು ತಿಂಗಳು ನನ್ನ ಸುವರ್ಣಯುಗ. ಕಾಲೇಜಿನಲ್ಲಿ ಇಲಾಖೆ ಕಳಿಸದ, ಕಳಿಸಿದರೂ ನಾನು ಬೀಗ ಹಾಕಿಟ್ಟ, ಬೀಗದ ಕೈ ಎಲ್ಲಿಟ್ಟೆನೆಂದು ಬೇಕೆಂದೇ ಮರೆತ ಸಮಸ್ತ ರಾಸಾಯನಿಕಗಳನ್ನೂ ನಾನು ಆ ಕೋಣೆಯಲ್ಲಿ ಸುರಿದೆ. ಫಲಿತಾಂಶಗಳ ಬಗ್ಗೆ ಹೆಚ್ಚು ಹೇಳಲಾರೆ. ನದಿ ದಾಟುವಾಗ ಬೆನ್ನು ಹತ್ತಿದ ಮೊಸಳೆಯ ಬಾಯಿಗೆ ಸುರಿಯಲೆಂದು ಒಂದು ದೊಡ್ಡ ಹಂಡೆಯ ತುಂಬ ಪಾದರಸ ಬರಿಸಿದೆ. ಪಾದರಸ ನೀರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ಭಾರ ಎಂಬುದನ್ನು ನನ್ನಷ್ಟು ಸಲ ಕರಿಹಲಗೆಯ ಮೇಲೆ ಬರೆದವರು ಈ ಜಿಲ್ಲೆಯಲ್ಲಿ ವಿರಳ. ನಾವು ದೋಣಿಯಲ್ಲಿದ್ದೆವು. ಹಂಡೆ ದೋಣಿಯ ತಳ ಒಡೆದುಕೊಂಡು ತನ್ನ ದಾರಿ ಹಿಡಿಯಿತು, ಮೊಸಳೆ ಜೀವ ಒಂದನ್ನು ಬಿಟ್ಟು ನಮ್ಮನ್ನು ಒಬ್ಬೊಬ್ಬರಾಗಿ ವಿಚಾರಿಸಿಕೊಂಡಿತು. ಇನ್ನೊಮ್ಮೆ ಗವಿಯಲ್ಲಿ ಕ್ಲೋರಿನ್ ದ್ರವ ತಂದೆ. ಅದು ಗಾಳಿಯಾಗಿ ಹಬ್ಬಿತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿರಲಿಲ್ಲ. ಕಳ್ಳಿ ಎರಡು ವಾರ ಕೆಮ್ಮಿದಳು, ಬ್ಯಾಂಕಿನಾಕೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

"ಸರ್, ನೀವು ಶತ್ರುಗಳ ಕಡಿ ಯಾಕ ಸೇರ್ಕೋಬಾರದು?" ಎಂದು ಆಕೆ ವಿನಯದಿಂದಲೇ ಕೇಳಿದ್ದಳು. "ಅವ್ರಿಗೆ ಒಬ್ರು ಬೇಕಾಗ್ಯಾರಂತ."

ಈ ಹೊತ್ತಿಗೆ ನಮ್ಮ ಮನೆಯಲ್ಲಿ ಸಂಶಯ ಹುಟ್ಟಿತು. ಪ್ರತಿ ಭಾನುವಾರ ಊಟ ಮುಗಿಸಿ, ಇಸ್ತ್ರಿಯಾದ ಅಂಗಿ ಹಾಕಿ, ನಾನು ಕಮಲಾಪುರದ ಬಸ್ಸು ಹಿಡಿಯುತ್ತಿದ್ದೆ. ನೌಕರಿ ಇದ್ದಾಗಲೂ ಇಷ್ಟು ನಿಯಮ ಇರಲಿಲ್ಲ ಎಂಬುದು ಹೆಂಡತಿಯ ಗಮನಕ್ಕೆ ಬಂದಿತ್ತು. ಆಕೆ ಇಸ್ಪೀಟು ಎಂದುಕೊಂಡಳು. ಒಂದು ಭಾನುವಾರ ನಾನು ಚಪ್ಪಲಿ ಮೆಟ್ಟುವಾಗ ಆಕೆಯೂ ಚಪ್ಪಲಿ ಮೆಟ್ಟಿದಳು.

"ನೀ ಎಲ್ಲಿಗೆ?"

"ನೀವು ಎಲ್ಲಿಗೋ ಅಲ್ಲಿಗೆ."

ಆಕೆಗೆ ಮೊಣಕಾಲಿನ ತ್ರಾಸು, ಬಲಗಾಲಿಗೆ ಹೆಚ್ಚು. ಬಸ್ಸಿನಲ್ಲಿ ನಡುದಾರಿಯ ಮಹಾಗಾಂವ ದಾಟುವವರೆಗೆ ಕಾಲು ಚಾಚಲು ಜಾಗ ಸಿಗಲಿಲ್ಲ. ಅಂಗಡಿಯ ಮೆಟ್ಟಿಲನ್ನು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ನಿಂತು ನಿಂತು ಹತ್ತಿದಳು. ಮೇಲೆ ಬಂದು ಮೇಜು ನೋಡಿದಳು. ದಾಳ ನೋಡಿದಳು. ಇಸ್ಪೀಟಿಗಿಂತ ಕೆಟ್ಟದ್ದೇನೋ ನಡೆದಿದೆ ಎಂಬ ಮುಖ ಮಾಡಿದಳು. ಸೂತ್ರಧಾರ ಓಡಿಹೋಗಿ ಕುರ್ಚಿಗೆ ದಿಂಬು ಹಾಕಿ, "ಅಮ್ಮಾರ, ನೀವೂ ಆಡ್ರಿ," ಎಂದ. ಆ ದಿನ ಒಬ್ಬಳು ಯೋಧೆಯ ಪಾತ್ರ ಖಾಲಿ ಇತ್ತು. ಆರಡಿ ಎತ್ತರ, ಕೈಯಲ್ಲಿ ಕೊಡಲಿ.

"ಈಕಿ ಏನ ಮಾಡ್ತಾಳ?"

"ನೀವು ಹೇಳಿದ್ದು ಮಾಡ್ತಾಳ್ರಿ. ಈಗ ಮುಂದ ಒಂದು ಗ್ವಾಡಿ ಅದ. ಎರಡಾಳೆತ್ತರದ್ದು."

"ಜಿಗಿದ್ರ ಆಗ್ತದೇನು?"

"ದಾಳ ಹಾಕ್ರಿ, ನೋಡಮು."

ಇಪ್ಪತ್ತು ಬಿತ್ತು. ನಾನು ಅಷ್ಟು ತಿಂಗಳಲ್ಲಿ ನನ್ನ ಕೈಯಿಂದ ಕಾಣದ ಅಂಕೆ ಅದು.

ಅಂದಿನಿಂದ ಆ ಕೊಡಲಿಯ ಹೆಂಗಸು ಎದುರಿಗೆ ಬಂದ ಯಾವ ಗೋಡೆಯನ್ನೂ ಬಿಡಲಿಲ್ಲ. ಕೋಟೆಯ ಗೋಡೆ, ತೋಟದ ಗೋಡೆ, ಪಕ್ಕದಲ್ಲೇ ಬಾಗಿಲು ತೆರೆದಿದ್ದ ಛತ್ರದ ಗೋಡೆ, ಎಲ್ಲವನ್ನೂ ಜಿಗಿದಳು. ಬಾಗಿಲಿದೆಯಲ್ಲ ಎಂದು ನಾನು ಒಮ್ಮೆ ನೆನಪಿಸಿದ್ದಕ್ಕೆ, "ಇರ್ಲಿ ಬಿಡ್ರಿ. ಬಾಗಲದಾಗ ಹೋಗಾಕ ನಾ ಸಾಕಾಗ್ಯೀನಿ," ಎಂದಳು. ಮನೆಯಲ್ಲಿ ಬೆಳಗ್ಗೆ ಮಂಚದ ತುದಿಗೆ ಕೂತು ಡಾಕ್ಟರು ಹೇಳಿದ ಕಾಲಿನ ವ್ಯಾಯಾಮ ಮಾಡುವಾಗ ಆಕೆಯ ಮಾತೆಲ್ಲ ಕೊಡಲಿಯವಳದ್ದೇ. ಆಕೆ ಇನ್ನೂ ಬುರುಜು ಹತ್ತಿಲ್ಲ, ಹತ್ತಿಸಬೇಕು. ಕಂದಕ ಜಿಗಿದಿಲ್ಲ, ಜಿಗಿಸಬೇಕು. ಸ್ವಂತ ತಂಗಿಯ ಬಗ್ಗೆ ಇಷ್ಟು ಕಾಳಜಿಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಂದೇ ಭಯವಿತ್ತು. ನಮ್ಮ ಸೂತ್ರಧಾರ ಬೇರೆಲ್ಲದರಲ್ಲಿ ಮೃದು, ಸಾವಿನ ವಿಷಯದಲ್ಲಿ ಗಟ್ಟಿ. ಪಾತ್ರ ಸತ್ತರೆ ಸತ್ತಂತೆಯೇ. ಅತ್ತರೂ ಬರುವುದಿಲ್ಲ, ಹರಕೆ ಹೊತ್ತರೂ ಬರುವುದಿಲ್ಲ. ಹೊಸ ಪಾತ್ರ ತೆಗೆದುಕೊಂಡು ಮೊದಲಿನಿಂದ ಶುರು ಮಾಡಬೇಕು. ಹೆಂಡತಿ ಇದನ್ನು ಒಮ್ಮೆ ಕೇಳಿ ತಿಳಿದುಕೊಂಡಿದ್ದಳು. "ನನಗ ಬ್ಯಾರೆ ಯಾರೂ ಬ್ಯಾಡ. ಈಕಿನೇ ಬೇಕು," ಎಂದಿದ್ದಳು. ಆಮೇಲೆ ನನ್ನ ಕಡೆಗೆ ತಿರುಗಿ, ಬಹಳ ಶಾಂತವಾಗಿ, "ನೀವು ಜರಾ ದೂರ ನಿಂತು ಮಂತ್ರ ಹಾಕ್ರಿ," ಎಂದೂ ಹೇಳಿದ್ದಳು.

ಇಷ್ಟು ಪೂರ್ವಪೀಠಿಕೆ. ಇನ್ನು ಘಟನೆ.

ಆ ಭಾನುವಾರ ನಾವು ಒಂದು ಹಳೆಯ ಕೋಟೆಯೊಳಗೆ ನುಗ್ಗಬೇಕಿತ್ತು. ಸೂತ್ರಧಾರ ಅದನ್ನು ವರ್ಣಿಸಿದಾಗ, ಅವನು ಕಲಬುರಗಿಯ ಕೋಟೆಯಿಂದ ಫಿರಂಗಿಯನ್ನು ತೆಗೆದು ರಾಕ್ಷಸರನ್ನು ತುಂಬಿದ್ದಾನೆ ಎಂಬುದು ಎಲ್ಲರಿಗೂ ತಿಳಿಯಿತು. ಒಳಗೋಡೆಯೊಂದು ಅಡ್ಡ ಬಂತು. ಆಚೆ ಏನಿದೆ ಎಂದು ಯಾರೂ ಕೇಳುವ ಮೊದಲೇ ಹೆಂಡತಿ ದಾಳ ಹಾಕಿದಳು. ಕೊಡಲಿಯವಳು ಜಿಗಿದಳು.

ಆಚೆ ಇದ್ದದ್ದು ಮೆಟ್ಟಿಲ ಬಾವಿ, ಒಂದೊಂದು ಮೆಟ್ಟಿಲೂ ಸೊಂಟದೆತ್ತರದ್ದು. ಕೆಳಗಿನ ಮೆಟ್ಟಿಲ ಮೇಲೆ ಆಕೆ ಬಿದ್ದ ಕೂಡಲೇ ಕಲ್ಲಿನಿಂದ ಸರಪಳಿಯೊಂದು ಹೊರಬಂದು ಬಲಗಾಲಿಗೆ ಸುತ್ತಿಕೊಂಡಿತು. ಬಾವಿಯ ನೀರು ಏರತೊಡಗಿತು.

ನಾನೂ ಕಳ್ಳಿಯೂ ಬಾಗಿಲಿನಿಂದ ಸುತ್ತಿ ಬಂದೆವು. ಕಳ್ಳಿ ಸರಪಳಿಯ ಬೀಗ ಹುಡುಕಿದಳು, ಬೀಗವೇ ಇರಲಿಲ್ಲ. ಕೊಡಲಿಯಿಂದ ಹೊಡೆದರೆ ಸರಪಳಿಯ ಮೇಲೆ ಗೀರೂ ಬೀಳಲಿಲ್ಲ. ಯಾವ ಆಯುಧಕ್ಕೂ ತುಂಡಾಗದ ಕಬ್ಬಿಣ ಅದು ಎಂದ ಸೂತ್ರಧಾರ. ಹಾಗೆನ್ನುತ್ತ ನನ್ನ ಕಡೆ ನೋಡಿದ. ಈಗ ಯೋಚಿಸಿದರೆ ಆ ನೋಟದಲ್ಲಿ ಗುರುದಕ್ಷಿಣೆ ಇತ್ತು. ಆಯುಧಕ್ಕೆ ತುಂಡಾಗದ್ದು ಆಮ್ಲಕ್ಕೆ ಕರಗಬಹುದಲ್ಲ. ಜೀವನದಲ್ಲಿ ಮೊದಲ ಸಲ ನನ್ನ ವಿದ್ಯೆಯಿಂದ ಒಂದು ಜೀವ ಉಳಿಯುವ ಸಂದರ್ಭ ಬಂದಿತ್ತು. ನಾನು ಮೆಟ್ಟಿಲು ಇಳಿದು ಕೊಡಲಿಯವಳಿಗೂ ನನಗೂ ನಡುವೆ ಒಂದು ಮೆಟ್ಟಿಲು ಬಿಟ್ಟು ನಿಂತೆ. ಗಂಟಲು ಸರಿಮಾಡಿಕೊಂಡೆ.

"ಕಬ್ಬಿಣ," ಎಂದೆ, "ಇದ್ರ ಸ್ವಭಾವ ಮೊದ್ಲು ತಿಳ್ಕೋಬೇಕು. ಎಲ್ಲಾರೂ ಏನ ಅಂತಾರ? ನೈಟ್ರಿಕ್ ಆಮ್ಲ ಹಾಕ್ರಿ ಅಂತಾರ. ತಪ್ಪು. ನೈಟ್ರಿಕ್ ಭಾಳ ತೀವ್ರ ಇದ್ರ ಕಬ್ಬಿಣದ ಮ್ಯಾಲ ಒಂದು ತೆಳು ಪದರ ಕೂಡ್ತದ. ಆ ಪದರ ಏನ ಮಾಡ್ತದ ಅಂದ್ರ..."

"ನೀರು ಮೊಣಕಾಲಿಗೆ ಬಂದಾವ್ರಿ," ಎಂದ ಸೂತ್ರಧಾರ.

"...ಒಳಗಿನ ಕಬ್ಬಿಣಾನ ಕಾಪಾಡ್ತದ. ಆಮ್ಲನೇ ರಕ್ಷಾಕವಚ ಆದಂಗಾತು. ಎಂಥಾ ವಿಚಿತ್ರ ನೋಡ್ರಿ. ಇನ್ನ ರಾಜದ್ರವ. ಅದು ಬಂಗಾರಕ್ಕ ಪ್ರಸಿದ್ಧ. ಕಬ್ಬಿಣಕ್ಕ ರಾಜದ್ರವ ಹಾಕೋದಂದ್ರ..."

"ನೀರು ಸೊಂಟಕ್ಕ ಬಂದಾವ್ರಿ ಸರ್."

"ಏನ್ರೀ," ಎಂದಳು ಹೆಂಡತಿ. ಆಕೆಯ ಕೈ ಮೇಜಿನ ಅಂಚು ಹಿಡಿದಿತ್ತು. "ಪಾಠ ಆಮ್ಯಾಲ ಮಾಡ್ರಿ. ಆಕಿ ಮುಳುಗಾಕತ್ತಾಳ."

ನಾನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತೀರ್ಮಾನಿಸಿದೆ. ದೋಣಿಯ ಪಾಠ ಮರೆತಿರಲಿಲ್ಲ; ಪಾತ್ರೆ ಗಾಜಿನದು, ಅಳತೆ ಸಣ್ಣದು ಎಂದು ಮೊದಲೇ ಘೋಷಿಸಿದೆ. ಗಾಳಿಯ ದಿಕ್ಕು ಕೇಳಿದೆ. ಆಮೇಲೆ ದಾಳ ಹಾಕಿದೆ. ಹದಿನೇಳು. ನನ್ನ ಕೈಯಲ್ಲಿ ಗಾಜಿನ ಸೀಸೆಯೊಂದು ಮೂಡಿತು. ಸೂತ್ರಧಾರ ಸಮಾಧಾನದ ಉಸಿರು ಬಿಟ್ಟು, "ಭೇಷ್ ಸರ್. ಅಮ್ಮಾರು ಬಗ್ಗಿ ಸೀಸಾದ ಬಾಯಿ ಸರಪಳಿಗೇ ಹಚ್ಚಿ ಸುರದ್ರಂದ್ರ ಆತು, ಒಂದs ಏಟಿಗೆ ಕರಗ್ತದ. ಈಗ ಸೀಸಾ ಅವರಿಗೆ ಹೆಂಗ ಕೊಡ್ತೀರಿ?" ಎಂದ.

"ನಮ್ಮ ನಡುವ ಒಂದು ಮೆಟ್ಟಿಲದಲ್ಲ," ಎಂದೆ. "ಅದರ ಮ್ಯಾಲ ಇಡ್ತೀನಿ. ಆಕಿ ತಗೋತಾಳ."

"ಇಡ್ತೀರಿ?"

"ಹೂಂ. ಬಿರಡಿ ತಗದs ಇಡ್ತೀನಿ. ಆಕಿಗೆ ಅನುಕೂಲ ಆಗ್ಲಿ."

"ಸರ್, ಕೈ ಚಾಚಿದ್ರ ಮುಟ್ಟತೀರಿ ನೀವು. ಕೈಯಾಗ ಕೊಡಂಗಿಲ್ಲೇನು?"

ಇಲ್ಲಿ ಒಂದು ವಿವರಣೆ ಅಗತ್ಯ. ನಮ್ಮ ಮನೆಯಲ್ಲಿ ಉಪ್ಪು, ಖಾರ, ಸುಣ್ಣ ಇಂಥವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಮ್ಮ ತಾಯಿ ಹಾಗೆ ಮಾಡಿದಳು, ಹೆಂಡತಿಯ ತಾಯಿಯೂ ಹಾಗೆಯೇ. ಮದುವೆಯಾದ ದಿನದಿಂದ ನಾವಿಬ್ಬರೂ ಒಮ್ಮೆಯೂ ತಪ್ಪದೆ ಪಾಲಿಸಿದ್ದೇವೆ. ಜಗಳಗಳನ್ನು ಬೇರೆ ಕಾರಣಗಳಿಗಾಗಿ ಆಡಿದ್ದೇವೆ. ಇದು ಮನೆಯ ಕಥೆ. ಇನ್ನು ಪ್ರಯೋಗಶಾಲೆಯಲ್ಲಿ ನನ್ನ ಕಟ್ಟಾಜ್ಞೆ ಏನಿತ್ತು? ಆಮ್ಲದ ಸೀಸೆಯನ್ನು ಯಾರೂ ಯಾರ ಕೈಗೂ ಕೊಡತಕ್ಕದ್ದಲ್ಲ. ಒಬ್ಬನು ಮೇಜಿನ ಮೇಲೆ ಇಡಬೇಕು, ಇನ್ನೊಬ್ಬನು ಅಲ್ಲಿಂದ ಎತ್ತಿಕೊಳ್ಳಬೇಕು. ಕೈ ಜಾರಿದರೆ ಯಾರ ತಪ್ಪು ಎಂಬ ಪ್ರಶ್ನೆಯೇ ಬರಬಾರದು. ನಮ್ಮ ಅಡುಗೆಮನೆಯ ಶಾಸ್ತ್ರ ಮತ್ತು ನನ್ನ ವಿಜ್ಞಾನ ಇಡೀ ಜೀವಮಾನದಲ್ಲಿ ಒಮ್ಮತಕ್ಕೆ ಬಂದ ವಿಷಯ ಇದೊಂದೇ. ಎರಡೂ ಸೇರಿ ಒಂದು ಮಾತು ಹೇಳಿದ ಮೇಲೆ ಅದು ತಪ್ಪಾಗಿರುವ ಸಂಭವವೆಲ್ಲಿ?

"ಅಂಥಾದ್ದೆಲ್ಲಾ ಕೈಯಾಗ ಕೊಡಬಾರದು," ಎಂದೆ.

ಸೂತ್ರಧಾರ ಕಡೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. "ಅಮ್ಮಾರ, ನೀವರೆ ಹೇಳ್ರಿ."

"ಹೌದಪ, ಹಂಗೆಲ್ಲಾ ಕೊಡಬಾರದು," ಎಂದಳು ಆಕೆ, ಸೊಂಟದವರೆಗಿನ ನೀರಿನಲ್ಲಿ ನಿಂತು. "ಅವರು ಇಡ್ಲಿ. ನಾ ತಗೋತೀನಿ."

ನಮ್ಮ ದಾಂಪತ್ಯದಲ್ಲಿ ನಾವಿಬ್ಬರೂ ಒಟ್ಟಿಗೆ, ಏಕಕಂಠದಿಂದ, ಇಷ್ಟು ಬೇಗ ಒಪ್ಪಿದ ಸಂದರ್ಭ ಇನ್ನೊಂದು ನೆನಪಾಗುವುದಿಲ್ಲ.

ಸೂತ್ರಧಾರ ಕಣ್ಣು ಮುಚ್ಚಿ ತೆಗೆದ. "ಇಟ್ರಿ. ಇಲ್ಲಿಗೆ ನಿಮ್ಮ ಪಾಳಿ ಮುಗೀತು ಸರ್. ಅಮ್ಮಾರ ಪಾಳಿ ಬರೋಕಿಂತ ಮೊದ್ಲು ನೀರಿನ ಪಾಳಿ."

ಅವನು ಮೇಜಿನ ಮೇಲೆ ಬೆರಳಿನಿಂದ ಒಂದು ಗೆರೆಯನ್ನು ಮೇಲಕ್ಕೆ ಎಳೆದ.

"ನೀರು ಮೆಟ್ಟಿಲು ಏರ್ತಾವ. ನೀವು ಸೀಸಾ ಇಟ್ಟ ಮೆಟ್ಟಿಲs. ಸೀಸಾ ಅಲುಗಾಡ್ತದ, ಉಳ್ಳತದ. ಬಿರಡಿ ಇಲ್ಲ. ಆಮ್ಲ ಎಲ್ಲಾ ನೀರಿಗೆ ಹೋತು."

"ನೀ ಬೇಕಂತ ಮಾಡಿದಿ," ಎಂದೆ.

"ಸರ್, ನಮ್ಮನ್ಯಾಗೂ ಖಾರಪುಡಿ ಕೆಳಗs ಇಡ್ತಾರ. ಆದ್ರ ನಮ್ಮನಿ ಅಡಗಿ ಕಟ್ಟಿ ಮ್ಯಾಲ ನೀರು ಏರಂಗಿಲ್ಲ."

ಸೀಸೆ ಆಕೆಯ ಕೈಯಲ್ಲಿದ್ದಿದ್ದರೆ ಆಕೆಯ ಪಾಳಿಗೆ ಅದು ಆಕೆಯ ಕೈಯಲ್ಲೇ ಇರುತ್ತಿತ್ತು. ಇದನ್ನು ತಿಳಿಯಲು ರಸಾಯನಶಾಸ್ತ್ರ ಬೇಕಿರಲಿಲ್ಲ. ನೀರಿಗೆ ಬೆರೆತ ಆಮ್ಲದಿಂದ ಸರಪಳಿಗೆ ಏನೂ ಆಗಲಿಲ್ಲ. ಕೊಡಲಿಯವಳ ಮೈ ಸುಟ್ಟು, ಆಟದ ಲೆಕ್ಕದಲ್ಲಿ ಆಕೆಗಿದ್ದ ಪ್ರಾಣದ ಪಾಯಿಂಟುಗಳಲ್ಲಿ ಅರ್ಧ ಹೋದವು. ನೀರು ಎದೆಗೆ ಬಂತು. ನನ್ನ ಮಂತ್ರ ಮಲಗಿ ಎದ್ದ ಮೇಲೆಯೇ ಮತ್ತೆ ಸಿಗುವುದು, ಮಲಗಲು ಇದು ಹೊತ್ತಾಗಿರಲಿಲ್ಲ. ಬ್ಯಾಂಕಿನಾಕೆ ಹಗ್ಗ ತರುತ್ತೇನೆ ಎಂದಳು. ಹಗ್ಗದಿಂದ ಸರಪಳಿ ಬಿಡುವುದಿಲ್ಲ ಎಂದ ಸೂತ್ರಧಾರ. ಇನ್ನೊಂದು ಸುತ್ತು, ಆಮೇಲೆ ನೀರು ತಲೆಯ ಮೇಲೆ. ಅವನ ದನಿ ಸಣ್ಣದಾಗಿತ್ತು. ಅವನಿಗೂ ಬೇಕಿರಲಿಲ್ಲ. ಆದರೆ ಸತ್ತರೆ ಸತ್ತಂತೆ ಎಂಬುದು ಅವನೇ ಮಾಡಿದ ಕಾನೂನು.

ನಾನು ಹೆಂಡತಿಯ ಮುಖ ನೋಡಲಿಲ್ಲ. ಮೂಲೆಯಲ್ಲಿದ್ದ ಪಂಪುಗಳನ್ನು ನೋಡಿದೆ. ಕೆಳಗೆ ರಸ್ತೆಯಲ್ಲಿ ಟೆಂಪೋದವನೊಬ್ಬ ಮಹಾಗಾಂವ, ಮಹಾಗಾಂವ ಎಂದು ಕೂಗುತ್ತಿದ್ದ.

"ಕೊಡಲಿ ಅದ ಅಲಾ ಆಕಿ ಕೈಯಾಗ," ಎಂದಳು ಹೆಂಡತಿ.

"ಅದರಿ ಅಮ್ಮಾರ. ಆದ್ರ ಸರಪಳಿ ಕೊಡಲಿಗೆ ಬಗ್ಗಂಗಿಲ್ಲ."

"ಸರಪಳಿಗಲ್ಲಪ. ಕಾಲಿಗೆ."

ಸೂತ್ರಧಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಮ್ಮಾರ, ಕಾಲು ಹೋದ್ರ ಹೋತ್ರಿ. ಮತ್ತ ಬರಂಗಿಲ್ಲ."

"ಗೊತ್ತಾತು. ಮೊಣಕಾಲಿನ ಕೆಳಗ. ಬಲಗಾಲಲ್ಲೇನು?"

"ಬಲಗಾಲ್ರಿ."

"ನಂದೂ ಅದs ಕೆಟ್ಟದ್ದು. ನನಗ ರೂಢಿ ಅದ, ಆಕಿಗೂ ಆಗ್ತದ."

ಹನ್ನೆರಡಕ್ಕಿಂತ ಹೆಚ್ಚು ಬೀಳಬೇಕು ಎಂದ ಸೂತ್ರಧಾರ. ಕಡಿಮೆ ಬಿದ್ದರೆ ಕಾಲೂ ಇಲ್ಲ, ಜೀವವೂ ಇಲ್ಲ. ಆಕೆ ದಾಳವನ್ನು ಅಂಗೈಯಲ್ಲಿಟ್ಟುಕೊಂಡಳು. ಊದುವುದು, ಹಣೆಗೊತ್ತಿಕೊಳ್ಳುವುದು ಇಂಥದ್ದೇನೂ ಮಾಡಲಿಲ್ಲ. ಕಾಳು ಆರಿಸಿ ಕಲ್ಲು ಎಸೆಯುವ ಹಾಗೆ ಎಸೆದಳು. ದಾಳ ಮೇಜಿನ ಬಿರುಕಿಗೆ ತಾಗಿ, ಇನ್ನೊಂದು ಮಗ್ಗುಲಿಗೆ ಹೊರಳಿ, ಹದಿನಾಲ್ಕರ ಮೇಲೆ ನಿಂತಿತು.

ಬ್ಯಾಂಕಿನಾಕೆ ಮುಖ ಮುಚ್ಚಿಕೊಂಡಳು. ಕೊಡಲಿಯವಳು ಬದುಕಿದಳು. ಕಳ್ಳಿಯೂ ಮಂತ್ರವಾದಿಯೂ ಸೇರಿ ಆಕೆಯನ್ನು ಮೇಲೆ ಎಳೆದುಕೊಂಡೆವು, ಗಾಯ ಕಟ್ಟಿದೆವು. ಮೇಜಿನ ಮೇಲಿದ್ದ ಕೆಂಪು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ ಹೆಂಡತಿ ಕೇಳಿದಳು, "ಇನ್ನ ಆಕಿ ಜಿಗಿಯಂಗಿಲ್ಲೇನು?"

"ಇಲ್ರಿ ಅಮ್ಮಾರ."

"ಬುರುಜು?"

"ಆಗಂಗಿಲ್ರಿ."

ಆಕೆ ಹಣ್ಣು ತಿಂದಳು. ಪೂರ್ತಿ ತಿಂದು, ಸಿಪ್ಪೆಯನ್ನು ಕಾಗದದ ಮೇಲಿಟ್ಟು, ಕೈ ಒರೆಸಿಕೊಂಡಳು. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆದೆ. ಆದರೆ ನನ್ನ ಬಾಯಿಯಿಂದ ಹೊರಟದ್ದು, "ಹಂಗ ನೋಡಿದ್ರ, ಆಮ್ಲದ ಆಯ್ಕೆಯೊಳಗ ತಪ್ಪಾಗಿಲ್ಲ," ಎಂಬ ಮಾತು. ಬೋಧಕನಾಗಿ ಸವೆದ ನಾಲಿಗೆ ಎಲ್ಲಿ ಯಾವ ಮಾತು ಹುಡುಕುತ್ತದೆ ಹೇಳಲಾಗದು.

ಆಕೆ ನನ್ನನ್ನು ನೋಡಲೇ ಇಲ್ಲ. ಸೂತ್ರಧಾರನಿಗೆ ಹೇಳಿದಳು, "ಈಗ ಆಕಿನ್ನ ಯಾರರೆ ಹೊರಬೇಕಲ."

"ನಾ ಹೊರ್ತೀನ್ರಿ ಅಮ್ಮಾರ," ಎಂದಳು ಬ್ಯಾಂಕಿನಾಕೆ. "ನನ್ನ ಕಳ್ಳಿಗೆ ಶಕ್ತಿ ಅದ. ಸರ್ ಅವರ ಮಂತ್ರವಾದಿ ತನ್ನ ಚೀಲ ತಾನು ಎತ್ತಿದ್ರ ದೊಡ್ಡ ಮಾತು."

"ನೀ ಬ್ಯಾಡವ್ವ. ಕಳುವಿಗೆ ನಿನ್ನ ಕೈ ಬೇಕು. ಇವರ ಕೈಯಿಂದ ಏನೇನ ಆಗ್ತದ ಅಂತ ಎಲ್ಲಾರೂ ನೋಡೀವಿ." ಆಮೇಲೆ ಸೂತ್ರಧಾರನಿಗೆ, "ಹೊತ್ತುಕೊಂಡಾಗ ಇವರು ಮಂತ್ರ ಹಾಕಬಹುದೇನು?"

"ಮಂತ್ರಕ್ಕ ಒಂದು ಕೈ ಖಾಲಿ ಬೇಕ್ರಿ. ನಿಮ್ಮನ್ನ ಹೊರಾಕ ಎರಡೂ ಬೇಕಾಗ್ತಾವ."

"ಛಲೋ ಆತು," ಎಂದಳು ಹೆಂಡತಿ. "ಇವರೇ ಹೊರ್ಲಿ."

ಬ್ಯಾಂಕಿನಾಕೆಗೆ ಅಳು ನಿಂತು ನಗು ಬಂತು. ಅಂದು ಮೇಜಿನಿಂದ ಎದ್ದಾಗ ಆ ಕೋಣೆಯಲ್ಲಿ ನನ್ನ ಹೊರತು ಎಲ್ಲರೂ ಹಗುರಾಗಿದ್ದರು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಕೂತು ತೊಗರಿ ಹೊಲಗಳನ್ನು ನೋಡುತ್ತಿದ್ದಳು. ಮಹಾಗಾಂವ ದಾಟಿದ ಮೇಲೆ ನಾನು, "ಕೈಯಾಗ ಕೊಡಬೇಕಿತ್ತು," ಎಂದೆ. "ನಾನೂ ಕೈಯಾಗ ಇಸಕೋಬೇಕಿತ್ತು," ಎಂದಳು ಆಕೆ. ಅಷ್ಟೇ.

ಮುಂದಿನ ಭಾನುವಾರ ಆಕೆ ಬರುವುದಿಲ್ಲ ಎಂದುಕೊಂಡಿದ್ದೆ. ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

ಕೋಟೆಯಿಂದ ಹೊರಬೀಳುವ ದಾರಿ ಕಡಿದಾದ ಮೆಟ್ಟಿಲುಗಳದ್ದು. ಕೊಡಲಿಯವಳನ್ನು ಬೆನ್ನ ಮೇಲೆ ಹೊತ್ತು ನನ್ನ ಬಡಕಲು ಮಂತ್ರವಾದಿ ಹೊರಟ. ಪ್ರತಿ ತಿರುವಿಗೆ ದಾಳ. ಪ್ರತಿ ದಾಳಕ್ಕೆ ಸಣ್ಣ ಅಂಕೆ. ಒಂದು ಕಡೆ ಮುಗ್ಗರಿಸಿದೆ, ಇನ್ನೊಂದು ಕಡೆ ಗೋಡೆಗೆ ಒರಗಿ ಉಸಿರು ತೆಗೆದುಕೊಂಡೆ. ಹೆಂಡತಿ ಮೇಲಿನಿಂದ ಎಡಕ್ಕೆ, ಬಲಕ್ಕೆ, ನಿಧಾನಕ್ಕೆ ಎಂದು ಸೂಚನೆ ಕೊಡುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಕಾವಲಿನ ನಾಯಿಗಳು ಬಂದವು.

ನಾಯಿಗಳ ಬಗ್ಗೆ ನನಗೆ ಒಂದು ಯೋಜನೆ ಇತ್ತು. ಅಮೋನಿಯಾ. ನಾಯಿಯ ಮೂಗಿನ ಸೂಕ್ಷ್ಮತೆ, ಅಮೋನಿಯಾದ ಘಾಟು, ಎರಡನ್ನೂ ಕುರಿತು ವಾರವೆಲ್ಲ ಯೋಚಿಸಿ ಇಟ್ಟಿದ್ದೆ. ಸೂತ್ರಧಾರನಿಗೆ ನನ್ನ ಮುಖ ನೋಡಿಯೇ ತಿಳಿಯಿತು.

"ಸರ್, ಅಮ್ಮಾರನ್ನ ಮೆಟ್ಟಿಲ ಮ್ಯಾಲ ಕೂಡಿಸಿದ್ರ ಕೈ ಖಾಲಿ ಆಗ್ತದ್ರಿ. ಮಂತ್ರ ಹಾಕಬಹುದು."

ಹೆಂಡತಿ ತನ್ನ ದಾಳವನ್ನು ಬೆರಳಿನಿಂದ ತಿರುಗಿಸುತ್ತ ಕೂತಿದ್ದಳು.

"ಕೂಡಸಂಗಿಲ್ಲ," ಎಂದೆ. "ಓಡ್ತೀನಿ."

ದಾಳ ಹಾಕಿದೆ. ಮೂರು. ಮುಂದಿನ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಹೆಂಡತಿ ಬೆನ್ನ ಮೇಲಿನಿಂದಲೇ ಕೊಡಲಿ ಬೀಸಿದಳು. ಹತ್ತೊಂಬತ್ತು. ಆ ನಾಯಿ ಹೋಯಿತು, ಉಳಿದವು ಹಿಂದೆ ಸರಿದವು. ಆಕೆಯ ಮುಖ ಒಂದು ವಾರದ ನಂತರ ಅರಳಿತ್ತು.

"ಕಾಲಿಲ್ಲದಿದ್ರೂ ನಡೀತದಲ," ಎಂದಳು ಬ್ಯಾಂಕಿನಾಕೆಗೆ.

"ಸರ್," ಎಂದ ಸೂತ್ರಧಾರ, "ನಾಯಿ ಕಚ್ಚ್ಯಾದ. ಔಷಧಿ ಏನರೆ ಮಂತ್ರದಿಂದ ಮಾಡ್ಕೋತೀರೇನು?"

"ಕೈ ಖಾಲಿ ಇಲ್ಲಪ," ಎಂದೆ.